ಚಿತ್ರ ಮುಗಿದ ಮೇಲೆ ಕುರ್ಚಿ ಖಾಲಿಯಾಗದಿರಲು: ಓದುಗರ ಪ್ರಶ್ನೆ, ನಮ್ಮ ಉತ್ತರ

ನಾಲ್ಕು ಜನ ಸೇರಿಸಿ ಪರಿಸರದ ಚಿತ್ರ ತೋರಿಸುವುದು, ಆಮೇಲೆ ಕೂತು ಮಾತಾಡುವುದು: ಈ ಕೆಲಸಕ್ಕೆ ಕೈಹಾಕಿದವರು ಕಳಿಸಿದ ಪ್ರಶ್ನೆಗಳಲ್ಲಿ ಆಯ್ದವು ಇಲ್ಲಿವೆ. ಒಂದೇ ಬಗೆಯವನ್ನು ಒಟ್ಟುಗೂಡಿಸಿದ್ದೇವೆ.

ಪ್ರಶ್ನೆ: ನಾವು ತೋರಿಸಿದ ಸಾಕ್ಷ್ಯಚಿತ್ರ 90 ನಿಮಿಷದ್ದು. ಎಲ್ಲರೂ ತದೇಕಚಿತ್ತದಿಂದ ನೋಡಿದರು. ದೀಪ ಹಾಕಿ ‘ಈಗ ಚರ್ಚೆ’ ಎಂದದ್ದೇ ತಡ, ಮುಕ್ಕಾಲು ಪಾಲು ಜನ ಎದ್ದು ಹೊರಟರು. ಚಿತ್ರದ ಆಯ್ಕೆಯಲ್ಲೇ ತಪ್ಪಾಯಿತೆ?

ಚಿತ್ರದ್ದಲ್ಲ, ಸಮಯ ಹಂಚಿದ್ದರಲ್ಲಿ ಆದ ಎಡವಟ್ಟು. ಬರುವವರು ಮನೆ ಬಿಡುವಾಗಲೇ ಒಂದೂವರೆ, ಹೆಚ್ಚೆಂದರೆ ಎರಡು ಗಂಟೆ ಎಂದು ಮನಸ್ಸಿನಲ್ಲಿ ಅಳೆದುಕೊಂಡಿರುತ್ತಾರೆ. ಅಷ್ಟನ್ನೂ ಚಿತ್ರವೇ ನುಂಗಿದರೆ ಮಾತಿಗೆ ಉಳಿಯುವುದು ಅವರ ನಿದ್ದೆಯ ಹೊತ್ತು. ಲೆಕ್ಕವನ್ನು ಕೊನೆಯಿಂದ ಹಾಕಿಕೊಂಡು ಬನ್ನಿ. ಮಾತುಕತೆಗೆ 45 ನಿಮಿಷ ಮೊದಲು ತೆಗೆದಿಡಿ, ಸೇರಲು ಮತ್ತು ಎರಡು ಮಾತಿನ ಪರಿಚಯಕ್ಕೆ 10 ನಿಮಿಷ. ಮಿಕ್ಕಿದ್ದರಲ್ಲಿ ಹಿಡಿಸುವ ಚಿತ್ರ ಹುಡುಕಿ. 25ರಿಂದ 40 ನಿಮಿಷದ್ದಾದರೆ ಸರಿಹೋಗುತ್ತದೆ. ಉದ್ದದ ಚಿತ್ರವೇ ಬೇಕೆಂದಿದ್ದರೆ ಎರಡು ಸಂಜೆಗೆ ಒಡೆಯಿರಿ. ಕತ್ತರಿಸಿ ತೋರಿಸುವ ಯೋಚನೆಯಿದ್ದರೆ ಚಿತ್ರ ಮಾಡಿದವರ ಒಪ್ಪಿಗೆ ಬೇಕು.

ಆಹ್ವಾನದಲ್ಲಿ ‘ಚಿತ್ರ ಪ್ರದರ್ಶನ, ನಂತರ ಚರ್ಚೆ’ ಎಂದು ಬರೆದರೆ ಓದುವವರು ‘ನಂತರ’ ಎಂಬಲ್ಲಿಗೇ ನಿಲ್ಲಿಸುತ್ತಾರೆ. ‘6.45ಕ್ಕೆ ಆರಂಭ, 8.30ಕ್ಕೆ ಮಾತುಕತೆಯೂ ಸೇರಿ ಮುಕ್ತಾಯ’ ಎಂದು ಗಂಟೆ ನಮೂದಿಸಿ, ಅದನ್ನು ಪಾಲಿಸಿ. ಧನ್ಯವಾದ ಹೇಳುವುದಿದ್ದರೆ ಚಿತ್ರಕ್ಕೆ ಮೊದಲೇ ಹೇಳಿ ಮುಗಿಸಿ. ಚಿತ್ರದ ಬೆನ್ನಿಗೇ ಧನ್ಯವಾದ ಬಂತೆಂದರೆ ಕಾರ್ಯಕ್ರಮ ಮುಗಿಯಿತೆಂದೇ ಅರ್ಥ. ಟ್ಯೂಬ್‌ಲೈಟನ್ನು ಒಮ್ಮೆಗೇ ಹೊತ್ತಿಸಬೇಡಿ. ಕಣ್ಣು ಕುಕ್ಕುವ ಬೆಳಕಿಗೆ ಜನ ಚಪ್ಪಲಿ ಹುಡುಕತೊಡಗುತ್ತಾರೆ. ಬದಿಯ ಒಂದು ಮಂದ ದೀಪ ಹಾಕಿ ಅರ್ಧ ನಿಮಿಷ ಸುಮ್ಮನಿರಿ. ಕುರ್ಚಿಗಳನ್ನು ಶುರುವಿಗೇ ಅರ್ಧಚಂದ್ರಾಕಾರದಲ್ಲಿ ಜೋಡಿಸಿದ್ದರೆ ಆಮೇಲೆ ಎಳೆದಾಡುವ ಗದ್ದಲವೂ ಇರುವುದಿಲ್ಲ.

ಮೊದಲ ಪ್ರಶ್ನೆ ‘ಚಿತ್ರ ಹೇಗಿತ್ತು?’ ಎಂದಾದರೆ ಬರುವ ಉತ್ತರ ‘ಚೆನ್ನಾಗಿತ್ತು’. ಅಲ್ಲಿಗೆ ಮಾತು ಮುಗಿಯಿತು. ‘ಕಣ್ಣಿಗೆ ಕಟ್ಟಿದ ಹಾಗೆ ಉಳಿದ ಒಂದು ದೃಶ್ಯ ಯಾವುದು? ಪಕ್ಕದವರಿಗೆ ಹೇಳಿ’ ಎಂದು ಮೂರು ನಿಮಿಷ ಬಿಟ್ಟುಬಿಡಿ. ನೂರು ಜನರ ಎದುರು ಬಾಯಿ ಬಿಡದವರೂ ಪಕ್ಕದವರೊಡನೆ ಮಾತಾಡುತ್ತಾರೆ, ಒಮ್ಮೆ ಮಾತಾಡಿದವರು ಎದ್ದು ಹೋಗುವುದು ಕಡಿಮೆ. ಅಲ್ಲಿಂದ ದೃಶ್ಯ, ಅದು ಹುಟ್ಟಿಸಿದ ಭಾವನೆ, ಅದಕ್ಕೆ ಕಾರಣ, ನಮ್ಮಲ್ಲಿ ಏನು ಸಾಧ್ಯ ಎಂಬ ಕ್ರಮದಲ್ಲಿ ನಡೆಸಿಕೊಂಡು ಹೋಗಿ. ಕಾರಣಕ್ಕೇ ನೇರ ಜಿಗಿದರೆ ಓದಿಕೊಂಡ ನಾಲ್ವರದ್ದೇ ಸಭೆಯಾಗುತ್ತದೆ.

ಪ್ರಶ್ನೆ: ಬಯಲಿನಲ್ಲಿ 3000 ಲ್ಯೂಮೆನ್ ಪ್ರೊಜೆಕ್ಟರಿನಿಂದ 4 ಮೀಟರ್ ಅಗಲದ ಪರದೆಗೆ ಬಿಟ್ಟೆವು. ಚಿತ್ರವೆಲ್ಲ ಬಿಳಚಿಕೊಂಡು, ರಾತ್ರಿಯ ದೃಶ್ಯಗಳು ಕಾಣಲೇ ಇಲ್ಲ. 5000 ಲ್ಯೂಮೆನ್ನಿನದು ಬಾಡಿಗೆಗೆ ತರಬೇಕೆ?

ತರುವ ಮೊದಲು ಹತ್ತಿರದ ಬೀದಿದೀಪವೊಂದನ್ನು ಆರಿಸಲು ಆಗುತ್ತದೆಯೇ ನೋಡಿ. ಬೆಳಕು ಕಪ್ಪನ್ನು ಮೂಡಿಸಲಾರದು. ಪರದೆಯ ಮೇಲಿನ ಕಪ್ಪು ಎಂದರೆ ಸುತ್ತಲಿನ ಬೆಳಕು ಎಷ್ಟಿದೆಯೋ ಅಷ್ಟೇ. 4 ಮೀಟರ್ ಅಗಲ, 16:9 ಅಳತೆಯ ಚಿತ್ರಕ್ಕೆ ಎತ್ತರ 2.25 ಮೀಟರ್, ವಿಸ್ತೀರ್ಣ 9 ಚದರ ಮೀಟರ್. ಡಬ್ಬಿಯ ಮೇಲೆ ಬರೆದ 3000 ಲ್ಯೂಮೆನ್ ಸಿಗುವುದು ಹಸಿರು ಛಾಯೆಯ ಅತಿ ಪ್ರಕಾಶದ ಮೋಡಿನಲ್ಲಿ. ಬಣ್ಣ ಸರಿಯಾಗಿ ಕಾಣುವ ಮೋಡಿನಲ್ಲಿ, ಒಂದಷ್ಟು ಉರಿದ ಲ್ಯಾಂಪಿನಿಂದ 1800 ಸಿಕ್ಕೀತು ಎಂದಿಟ್ಟುಕೊಳ್ಳಿ. ಲ್ಯೂಮೆನ್ ಎಂದರೆ ಯಂತ್ರ ಹೊರಬಿಡುವ ಒಟ್ಟು ಬೆಳಕು, ಲಕ್ಸ್ ಎಂದರೆ ಅದರಲ್ಲಿ ಒಂದು ಚದರ ಮೀಟರಿಗೆ ಬೀಳುವ ಪಾಲು. 1800ನ್ನು 9ರಿಂದ ಭಾಗಿಸಿದರೆ 200 ಲಕ್ಸ್. ಬೀದಿದೀಪದಿಂದ ಪರದೆಗೆ 20 ಲಕ್ಸ್ ಬೀಳುತ್ತಿದ್ದರೆ ಅತಿ ಬಿಳಿಗೂ ಅತಿ ಕಪ್ಪಿಗೂ ಇರುವ ಅಂತರ 11 ಪಟ್ಟು ಮಾತ್ರ. ಅದೇ ಯಂತ್ರದಿಂದ 3 ಮೀಟರ್ ಅಗಲಕ್ಕೆ ಇಳಿದರೆ ವಿಸ್ತೀರ್ಣ ಸುಮಾರು 5 ಚದರ ಮೀಟರಾಗಿ 350 ಲಕ್ಸಿನಷ್ಟು ಬೀಳುತ್ತದೆ. ದೀಪ ಆರಿಸಿಯೋ ಮರೆಮಾಡಿಯೋ ಸುತ್ತಲಿನ ಬೆಳಕನ್ನು 2 ಲಕ್ಸಿಗೆ ತಂದರೆ ಅಂತರ 170 ಪಟ್ಟು ದಾಟುತ್ತದೆ. ದೀಪ ಹಾಗೇ ಉರಿಯುತ್ತಿರುವಾಗ 5000 ಲ್ಯೂಮೆನ್ ತಂದು 4 ಮೀಟರಿಗೇ ಬಿಟ್ಟಿದ್ದರೆ? ಅದೇ ಪ್ರಮಾಣದಲ್ಲಿ 17 ಪಟ್ಟು ಸಿಗುತ್ತಿತ್ತು.

ಹೊತ್ತೂ ಮುಖ್ಯ. ಸೂರ್ಯ ಮುಳುಗುವ ಗಳಿಗೆಯಲ್ಲಿ ಬಯಲಿನ ಬೆಳಕು ಇನ್ನೂ ನೂರಾರು ಲಕ್ಸ್ ಇರುತ್ತದೆ. ಸೂರ್ಯ ದಿಗಂತದಿಂದ 6 ಡಿಗ್ರಿ ಕೆಳಗಿಳಿದಾಗ 3 ಲಕ್ಸಿನ ಆಸುಪಾಸಿಗೆ ಬರುತ್ತದೆ. ಉಷ್ಣವಲಯದಲ್ಲಿ ಇದಕ್ಕೆ 20ರಿಂದ 25 ನಿಮಿಷ, ಧ್ರುವದ ಕಡೆ ಹೋದಷ್ಟೂ ಹೆಚ್ಚು. ಮುಳುಗಿ 40 ನಿಮಿಷವಾದ ಮೇಲೆ ಶುರುಮಾಡಿ, ಅಲ್ಲಿಯವರೆಗೆ ಪರಿಚಯದ ಮಾತು ನಡೆಯಲಿ.

ಇನ್ನೊಂದು ಎಚ್ಚರಿಕೆ: ಅಗ್ಗದ ಪುಟ್ಟ ಪ್ರೊಜೆಕ್ಟರುಗಳ ಡಬ್ಬಿಯ ಮೇಲಿನ ಸಾವಿರಾರು ‘ಲ್ಯೂಮೆನ್’ ನಂಬಬೇಡಿ. ‘ಆನ್ಸಿ ಲ್ಯೂಮೆನ್’ ಅಥವಾ ‘ಐಎಸ್‌ಒ ಲ್ಯೂಮೆನ್’ ಎಂದು, ಅಂದರೆ ಗೊತ್ತಾದ ಮಾನದಂಡದಂತೆ ಅಳೆದು, ಬರೆದ ಅಂಕಿಗೆ ಮಾತ್ರ ಬೆಲೆ.

ಪ್ರಶ್ನೆ: ಪರದೆಗೆ ಬಿಳಿ ಹಾಸಿಗೆ ಬಟ್ಟೆ ಸಾಕೆ? ಎಷ್ಟು ಎತ್ತರಕ್ಕೆ ಕಟ್ಟಬೇಕು?

ಒಂದೇ ಪದರದ ಬಟ್ಟೆಯಲ್ಲಿ ಬೆಳಕಿನ ಒಳ್ಳೆಯ ಪಾಲು ಹಿಂದಕ್ಕೆ ಸೋರಿಹೋಗುತ್ತದೆ. ಹಿಂದೆ ಇನ್ನೊಂದು ಬಿಳಿ ಪದರ, ಅದರ ಹಿಂದೆ ಕಪ್ಪು ಬಟ್ಟೆ ಸೇರಿಸಿದರೆ ಸಾಕು. ಹಳೆಯ ಫ್ಲೆಕ್ಸಿನ ಬಿಳಿಯ ಬೆನ್ನು ಇನ್ನೂ ವಾಸಿ, ಹೊಸದಾಗಿ ಮುದ್ರಿಸುವುದು ಬೇಡ. ಚಿತ್ರದ ಕೆಳ ಅಂಚು ನೆಲದಿಂದ 1.2ರಿಂದ 1.5 ಮೀಟರ್ ಮೇಲಿರಲಿ; ಇಲ್ಲವಾದರೆ ಅಡಿಬರಹ ಮುಂದಿನವರ ತಲೆಗಳ ಹಿಂದೆ ಮರೆಯಾಗುತ್ತದೆ. ಕೊನೆಯ ಸಾಲು ಚಿತ್ರದ ಎತ್ತರದ ಆರು ಪಟ್ಟಿಗಿಂತ ದೂರ ಹೋಗದಿರಲಿ. 1.7 ಮೀಟರ್ ಎತ್ತರದ ಚಿತ್ರಕ್ಕೆ ಅದು 10 ಮೀಟರ್.

ಬಯಲಿನಲ್ಲಿ ಪರದೆ ಹಾಯಿಯಂತೆ ವರ್ತಿಸುತ್ತದೆ ಎಂಬುದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಗಂಟೆಗೆ 36 ಕಿಲೋಮೀಟರ್ ವೇಗದ ಗಾಳಿ 5 ಚದರ ಮೀಟರ್ ಪರದೆಯನ್ನು ಸುಮಾರು 30 ಕಿಲೋ ಭಾರದಷ್ಟು ಬಲದಿಂದ ತಳ್ಳುತ್ತದೆ. ವೇಗ ಇಮ್ಮಡಿಯಾದರೆ ಬಲ ನಾಲ್ಕು ಪಟ್ಟು. ಚೌಕಟ್ಟಿನ ಪ್ರತಿ ಕಾಲಿಗೂ ಮರಳು ಚೀಲ, ಮುಂದಕ್ಕೂ ಹಿಂದಕ್ಕೂ ಎಳೆಹಗ್ಗ ಬೇಕು. ಬಟ್ಟೆಯನ್ನು ಚೌಕಟ್ಟಿಗೆ ರಬ್ಬರ್ ಹಗ್ಗದಿಂದ ಕಟ್ಟಿದರೆ ಜೋರು ಗಾಳಿಗೆ ಅದು ಸ್ವಲ್ಪ ಬಿಟ್ಟುಕೊಡುತ್ತದೆ, ಚೌಕಟ್ಟು ಉಳಿಯುತ್ತದೆ.

ಪ್ರಶ್ನೆ: ಹಿನ್ನೆಲೆ ಸಂಗೀತ, ಮಳೆಯ ಸದ್ದು ಎಲ್ಲ ಕಿವಿಗಡಚಿಕ್ಕುವಂತೆ ಕೇಳುತ್ತದೆ. ಮಾತು ಮಾತ್ರ ಬಾವಿಯೊಳಗಿಂದ ಬಂದಂತೆ! ಸ್ಪೀಕರ್ ಬದಲಾಯಿಸಿದರೂ ಅದೇ ಕಥೆ.

ಸ್ಪೀಕರ್ ಪಾಪ, ಅದರದ್ದೇನೂ ತಪ್ಪಿಲ್ಲ. ಎರಡರಲ್ಲಿ ಒಂದು ಕಾರಣವಿರುತ್ತದೆ. ಲ್ಯಾಪ್‌ಟಾಪಿನ ಹೆಡ್‌ಫೋನ್ ತೂತಿನಿಂದ ಬರುವ ಸ್ಟೀರಿಯೊ ತಂತಿಯನ್ನು ಮಿಕ್ಸರಿನ ಒಂದೇ ಬ್ಯಾಲೆನ್ಸ್ಡ್ ಇನ್‌ಪುಟ್ಟಿಗೆ ಚುಚ್ಚಿರುತ್ತೀರಿ. ಆ ಇನ್‌ಪುಟ್ ಎಡದ ಸಂಕೇತದಿಂದ ಬಲದ ಸಂಕೇತವನ್ನು ಕಳೆಯುತ್ತದೆ. ಮಾತು ಎರಡೂ ಕಡೆ ಒಂದೇ ಸಮ ಇರುವುದರಿಂದ ಕಳೆದು ಸೊನ್ನೆಯಾಗುತ್ತದೆ. ಎಡಬಲಕ್ಕೆ ಬೇರೆಬೇರೆಯಾಗಿ ಹರಡಿರುವ ಸಂಗೀತ ಉಳಿಯುತ್ತದೆ. ಒಂದು ಕಡೆ 3.5 ಮಿಲಿಮೀಟರ್ ಸ್ಟೀರಿಯೊ, ಇನ್ನೊಂದು ಕಡೆ ಎರಡು ಪ್ರತ್ಯೇಕ 6.35 ಮಿಲಿಮೀಟರ್ ಮೊನೊ ಜಾಕ್ ಇರುವ ಕವಲು ಕೇಬಲ್ ತಂದು ಎರಡು ಚಾನೆಲ್ಲಿಗೆ ಹಾಕಿ. ಪರೀಕ್ಷಿಸುವುದು ಸುಲಭ: ಈಗಿನ ಜಾಕನ್ನು ಅರ್ಧ ಹೊರಗೆಳೆದಾಗ ಮಾತು ದಿಢೀರನೆ ಸ್ಪಷ್ಟವಾದರೆ ರೋಗ ಇದೇ.

ಎರಡನೆಯದು, ಕಡತದಲ್ಲಿರುವ ಧ್ವನಿ 5.1 ಚಾನೆಲ್ಲಿನದು, ಅಂದರೆ ಆರು ಸ್ಪೀಕರಿಗೆ ಹಂಚಿದ್ದು. ಅದರಲ್ಲಿ ಮಾತು ಬಹುಪಾಲು ಮಧ್ಯದ ಚಾನೆಲ್ಲಿನಲ್ಲಿರುತ್ತದೆ, ನಿಮ್ಮಲ್ಲಿರುವುದು ಎಡ ಮತ್ತು ಬಲ ಮಾತ್ರ. ಪ್ಲೇಯರಿನ ಆಡಿಯೊ ಮೆನುವಿನಲ್ಲಿ ಸ್ಟೀರಿಯೊ ಟ್ರ್ಯಾಕ್ ಆರಿಸಿಕೊಳ್ಳಿ.

ತಂತಿಯ ಗೋಜೇ ಬೇಡವೆಂದು ಬ್ಲೂಟೂತ್ ಸ್ಪೀಕರ್ ಬಳಸುವವರಿಗೆ ಒಂದು ಮಾತು: ಧ್ವನಿ 100ರಿಂದ 300 ಮಿಲಿಸೆಕೆಂಡ್ ತಡವಾಗಿ ತುಟಿಗೂ ಮಾತಿಗೂ ತಾಳ ತಪ್ಪುತ್ತದೆ. ವಿಎಲ್‌ಸಿ ಎಂಬ ಪ್ಲೇಯರಿನಲ್ಲಿ ಜೆ ಮತ್ತು ಕೆ ಕೀಲಿಗಳಿಂದ ಸರಿದೂಗಿಸಬಹುದು, ಆದರೆ ಸಂಪರ್ಕ ಕಡಿದು ಮತ್ತೆ ಕೂಡಿದಾಗ ಅಂತರ ಬದಲಾಗುತ್ತದೆ. ಚರ್ಚೆಗೆ ಬೇಕಾದ ಮೈಕನ್ನು ಚಿತ್ರಕ್ಕೆ ಮೊದಲೇ ಪರೀಕ್ಷಿಸಿ. ಅದನ್ನು ಹಿಡಿದು ಸಭೆಯೊಳಗೆ ಓಡಾಡಲು ಒಬ್ಬರನ್ನು ಗೊತ್ತುಮಾಡಿ, ಕೈಗೆ ಕೊಟ್ಟುಬಿಡಬೇಡಿ. ಯಾಕೆಂದು ಕೆಳಗೆ ಹೇಳುತ್ತೇವೆ.

ಪ್ರಶ್ನೆ: ಕನ್ನಡ ಅಡಿಬರಹ ನಾವೇ ಸಿದ್ಧಪಡಿಸಿದೆವು. ಒಂದು ಲ್ಯಾಪ್‌ಟಾಪಿನಲ್ಲಿ ಬರೀ ಚೌಕಗಳು, ಇನ್ನೊಂದರಲ್ಲಿ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ಪ್ರೊಜೆಕ್ಟರಿಗೆ ನೇರ ಪೆನ್‌ಡ್ರೈವ್ ಹಾಕಿದರೆ ಒತ್ತಕ್ಷರಗಳೆಲ್ಲ ಬಿಡಿಬಿಡಿ.

ಮೂರೂ ಬೇರೆ ಬೇರೆ ಕಾಯಿಲೆ. ಚೌಕ ಕಂಡರೆ ಪ್ಲೇಯರ್ ಆರಿಸಿಕೊಂಡ ಫಾಂಟಿನಲ್ಲಿ ಕನ್ನಡವಿಲ್ಲ. ಅಡಿಬರಹದ ಫಾಂಟನ್ನು ನೋಟೊ ಸಾನ್ಸ್ ಕನ್ನಡಕ್ಕೋ ನಿರ್ಮಲಾ ಯುಐಗೋ ಬದಲಾಯಿಸಿ. ಕಲಸುಮೇಲೋಗರವಾದರೆ ಕಡತವನ್ನು ಯೂನಿಕೋಡಿನಲ್ಲಿ ಉಳಿಸಿಲ್ಲ, ಅಥವಾ ಟೈಪು ಮಾಡಿದ್ದೇ ಯೂನಿಕೋಡ್ ಅಲ್ಲದ ಹಳೆಯ ಫಾಂಟಿನಲ್ಲಿ. ಪರಿವರ್ತಕದಿಂದ ಯೂನಿಕೋಡಿಗೆ ತಂದು ‘ಯುಟಿಎಫ್-8’ ಎಂದು ಉಳಿಸಿ. ಒತ್ತಕ್ಷರ ಒಡೆಯುವುದು ಪ್ರೊಜೆಕ್ಟರಿನೊಳಗಿನ ಪ್ಲೇಯರಿಗೆ ಭಾರತೀಯ ಲಿಪಿಗಳನ್ನು ಜೋಡಿಸಲು ಬಾರದ್ದರಿಂದ. ಅದಕ್ಕೆ ಹೊರಗಿನಿಂದ ಮದ್ದಿಲ್ಲ. ಹ್ಯಾಂಡ್‌ಬ್ರೇಕಿನಂಥ ತಂತ್ರಾಂಶದಿಂದ ಅಡಿಬರಹವನ್ನು ಚಿತ್ರದ ಮೇಲೇ ಅಚ್ಚೊತ್ತಿಬಿಡಿ, ಆಮೇಲೆ ಯಾವ ಯಂತ್ರದಲ್ಲೂ ಕೆಡುವುದಿಲ್ಲ. ಹೀಗೆ ತಯಾರಾದ ಕಡತ 4 ಜಿಬಿ ದಾಟಿದರೆ ಫ್ಯಾಟ್32 ಮಾದರಿಯಲ್ಲಿ ಫಾರ್ಮ್ಯಾಟ್ ಮಾಡಿದ ಪೆನ್‌ಡ್ರೈವಿಗೆ ಹಿಡಿಸುವುದಿಲ್ಲ ಎಂಬುದು ನೆನಪಿರಲಿ.

ಮೊದಲು ಸರಿಯಾಗಿದ್ದು ಬರಬರುತ್ತಾ ಅಡಿಬರಹ ಹಿಂದೆ ಬಿದ್ದರೆ, ಅದನ್ನು ಸೆಕೆಂಡಿಗೆ 24 ಫ್ರೇಮಿನ ಪ್ರತಿಗೆ ಹೊಂದಿಸಿ 25 ಫ್ರೇಮಿನ ಪ್ರತಿಗೆ ಹಾಕಿದ್ದೀರಿ. ಒಂದು ಗಂಟೆಗೆ ಎರಡೂವರೆ ನಿಮಿಷದಷ್ಟು ಸರಿಯುತ್ತದೆ. ವಿಎಲ್‌ಸಿಯ ಜಿ, ಎಚ್ ಕೀಲಿಗಳು ಒಂದು ಒತ್ತಿಗೆ 50 ಮಿಲಿಸೆಕೆಂಡ್ ಹಿಂದುಮುಂದು ಮಾಡುತ್ತವಾದರೂ ಬೆಳೆಯುತ್ತಲೇ ಹೋಗುವ ಅಂತರವನ್ನು ಅವು ಹಿಡಿಯಲಾರವು. ಅಡಿಬರಹ ತಿದ್ದುವ ತಂತ್ರಾಂಶದಲ್ಲಿ ಫ್ರೇಮ್ ದರವನ್ನೇ ಬದಲಿಸಿ. ಒಮ್ಮೆಗೆ ಎರಡು ಸಾಲು ಮೀರಬೇಡಿ. ನಿಧಾನವಾಗಿ ಓದುವ ಒಬ್ಬರನ್ನು ಕೂರಿಸಿ ಪರೀಕ್ಷಿಸಿ. ಅನುವಾದಿಸಿದವರು ತಾವೇ ಓದಿ ನೋಡಿದರೆ ಎಲ್ಲವೂ ಸಲೀಸೆಂದೇ ಕಾಣುತ್ತದೆ.

ಪ್ರಶ್ನೆ: ಡಿಸ್ಕ್ ದುಡ್ಡು ಕೊಟ್ಟು ಕೊಂಡದ್ದು, ಪ್ರವೇಶ ಉಚಿತ. ಆದರೂ ಅನುಮತಿ ಬೇಕೆ?

ಬೇಕು. ಕೊಂಡ ಡಿಸ್ಕ್ ಆಗಲಿ, ತಿಂಗಳ ಚಂದಾ ಕಟ್ಟುವ ಆ್ಯಪ್ ಆಗಲಿ, ಮನೆಯೊಳಗಿನ ನೋಟಕ್ಕೆ ಸಿಕ್ಕ ಹಕ್ಕು ಮಾತ್ರ. ಸಾರ್ವಜನಿಕ ಪ್ರದರ್ಶನದ ಹಕ್ಕು ಬೇರೆ. ಉಚಿತ ಎಂದ ಮಾತ್ರಕ್ಕೆ ಅದು ತಾನಾಗಿ ಬರುವುದಿಲ್ಲ. ಆರು ವಾರ ಮೊದಲೇ ನಿರ್ಮಾಪಕರಿಗೋ ವಿತರಕರಿಗೋ ಬರೆಯಿರಿ. ದಿನ, ಜಾಗ, ಅಂದಾಜು ಜನ, ಪ್ರವೇಶಧನ ಇದೆಯೇ, ಅಡಿಬರಹ ಸೇರಿಸುತ್ತೀರಾ, ಇಷ್ಟು ತಿಳಿಸಿದರೆ ಸಾಕು. ಪರಿಸರ ಚಿತ್ರ ಮಾಡುವ ಸಣ್ಣ ನಿರ್ಮಾಪಕರಲ್ಲಿ ಎಷ್ಟೋ ಜನ ಸಂತೋಷದಿಂದ ಒಪ್ಪುತ್ತಾರೆ, ಕೆಲವರು ಆನ್‌ಲೈನಿನಲ್ಲಿ ಚರ್ಚೆಗೆ ಬರಲೂ ತಯಾರಿರುತ್ತಾರೆ. ಕ್ರಿಯೇಟಿವ್ ಕಾಮನ್ಸ್ ಪರವಾನಗಿಯ (ಕೆಲವು ಷರತ್ತಿನ ಮೇಲೆ ಎಲ್ಲರ ಬಳಕೆಗೂ ಬಿಟ್ಟ) ಚಿತ್ರವಾದರೆ ಅಕ್ಷರಗಳನ್ನು ನೋಡಿ: ‘ಎನ್‌ಸಿ’ ಇದ್ದರೆ ವಾಣಿಜ್ಯ ಬಳಕೆಗೆ ನಿಷೇಧ, ಟಿಕೆಟ್ ಇಡುವ ಮುನ್ನ ಕೇಳಿ. ‘ಎನ್‌ಡಿ’ ಇದ್ದರೆ ಹಾಗೆಯೇ ತೋರಿಸಬಹುದು, ಆದರೆ ಅನುವಾದಿತ ಅಡಿಬರಹ ಸೇರಿಸಿದ ಪ್ರತಿ ಹಂಚಲು ಒಪ್ಪಿಗೆ ಬೇಕು.

ಪ್ರಶ್ನೆ: ಚಿತ್ರದಲ್ಲಿ ‘ಭೂಮಿಯ 20 ಶೇಕಡಾ ಆಮ್ಲಜನಕ ಅಮೆಜಾನ್ ಕಾಡಿನದು’ ಎಂದಿತ್ತು. ಸಭಿಕರೊಬ್ಬರು ಅದು ಸುಳ್ಳೆಂದರು. ಚರ್ಚೆ ಅಲ್ಲಿಂದ ಹಳಿ ತಪ್ಪಿತು.

ಅವರು ಹೇಳಿದ್ದು ಸರಿ. ಕಾಡು ದ್ಯುತಿಸಂಶ್ಲೇಷಣೆಯಲ್ಲಿ ಬಿಡುವ ಆಮ್ಲಜನಕವನ್ನು ಗಿಡಮರಗಳ ಉಸಿರಾಟ, ತರಗೆಲೆ ಕೊಳೆಸುವ ಸೂಕ್ಷ್ಮಜೀವಿಗಳು ಹೆಚ್ಚುಕಡಿಮೆ ಪೂರ್ತಿ ಬಳಸಿಬಿಡುತ್ತವೆ. ಗಾಳಿಗೆ ಸೇರುವ ನಿವ್ವಳ ಸೊನ್ನೆಗೆ ಹತ್ತಿರ. ಆ ಕಾಡು ಉಳಿಯಬೇಕಾದ್ದು ಅದು ಹಿಡಿದಿಟ್ಟ ಇಂಗಾಲಕ್ಕಾಗಿ, ಮಳೆಗಾಗಿ, ಜೀವವೈವಿಧ್ಯಕ್ಕಾಗಿ. ‘2050ಕ್ಕೆ ಕಡಲಲ್ಲಿ ಮೀನಿಗಿಂತ ಪ್ಲಾಸ್ಟಿಕ್ಕೇ ಹೆಚ್ಚು’ ಎಂಬ ಮಾತೂ ಹೀಗೆಯೇ. 2016ರಲ್ಲಿ ಎಲೆನ್ ಮ್ಯಾಕಾರ್ಥರ್ ಫೌಂಡೇಶನ್ ಹೊರತಂದ ವರದಿಯ ಅಂದಾಜು ಅದು, ತೂಕದ ಲೆಕ್ಕದಲ್ಲಿ ಹೇಳಿದ್ದು. ಕಡಲಿನ ಮೀನಿನ ಒಟ್ಟು ತೂಕವೇ ಖಚಿತವಿಲ್ಲದಿರುವಾಗ ಅದನ್ನು ಪಂಚಾಂಗದ ಗ್ರಹಣದಂತೆ ಹೇಳಬಾರದು.

ತೋರಿಸುವ ಮೊದಲು ಇಬ್ಬರು ಕೂತು ಚಿತ್ರದಲ್ಲಿ ಬರುವ ಅಂಕಿಗಳನ್ನು ನಿಮಿಷ ಸಮೇತ ಬರೆದುಕೊಂಡು ಒಂದೊಂದನ್ನೂ ಪರಿಶೀಲಿಸಿ. ಚಿತ್ರ ತಯಾರಾದ ವರ್ಷವನ್ನೂ ಗಮನಿಸಿ. ಹತ್ತು ವರ್ಷ ಹಳೆಯದರಲ್ಲಿ ಸೌರಫಲಕದ ಬೆಲೆಯ ಬಗ್ಗೆ ಹೇಳಿದ್ದು ಈಗ ಹೊಂದುವುದಿಲ್ಲ. ಅನುಮಾನದ ಮಾತಿದ್ದರೆ ಆರಂಭದಲ್ಲೇ ಹೇಳಿಬಿಡಿ. ಮೊದಲೇ ಒಪ್ಪಿಕೊಂಡ ತಪ್ಪು ಚರ್ಚೆಯನ್ನು ಕೆಡಿಸುವುದಿಲ್ಲ, ನಡುವೆ ಸಿಕ್ಕಿಬಿದ್ದದ್ದು ಕೆಡಿಸುತ್ತದೆ.

ಪ್ರಶ್ನೆ: ಚಿತ್ರ ನೋಡಿದವರು ‘ಎಲ್ಲ ಮುಗಿದೇ ಹೋಗಿದೆ, ನಮ್ಮಿಂದೇನಾದೀತು’ ಎಂದು ಮುಖ ಸಣ್ಣ ಮಾಡಿಕೊಂಡು ಹೋದರು.

ಹೆದರಿಕೆಯ ಪ್ರಮಾಣಕ್ಕೆ ತಕ್ಕಷ್ಟು ದಾರಿ ಕಾಣದಿದ್ದರೆ ಹೀಗಾಗುತ್ತದೆ. ಸಂವಹನ ತಜ್ಞೆ ಕಿಮ್ ವಿಟ್ಟೆ 1992ರಲ್ಲಿ ಮಂಡಿಸಿದ ಸಿದ್ಧಾಂತ ಹೇಳುವುದೂ ಇದನ್ನೇ: ಅಪಾಯ ದೊಡ್ಡದು, ನನ್ನ ಕೈಲಿ ಏನೂ ಆಗದು ಎನಿಸಿದಾಗ ಮನುಷ್ಯ ಅಪಾಯವನ್ನು ತಗ್ಗಿಸಲು ಹೋಗುವುದಿಲ್ಲ, ಹೆದರಿಕೆಯನ್ನು ತಗ್ಗಿಸಿಕೊಳ್ಳಲು ಕಣ್ಣು ಮುಚ್ಚಿಕೊಳ್ಳುತ್ತಾನೆ. ಪರಿಸರದ ಚಿತ್ರಗಳಲ್ಲಿ ಎಷ್ಟೋ, 50 ನಿಮಿಷ ಪ್ರಳಯ ತೋರಿಸಿ ಕೊನೆಯ 2 ನಿಮಿಷದಲ್ಲಿ ಬಲ್ಬು ಬದಲಿಸಿ ಎನ್ನುತ್ತವೆ. ನೋಡುಗರಿಗೆ ನಗು ಬಂದರೂ ತಪ್ಪಿಲ್ಲ. ಸಮಸ್ಯೆಗಿಂತ ಅದನ್ನು ಎದುರಿಸಿದವರ ಕೆಲಸಕ್ಕೆ ಹೆಚ್ಚು ಜಾಗ ಕೊಟ್ಟ ಚಿತ್ರ ಆರಿಸಿ. ಚರ್ಚೆಯ ಕೊನೆಯ 15 ನಿಮಿಷವನ್ನು ಒಂದೇ ಒಂದು ಕೆಲಸಕ್ಕೆ ಮೀಸಲಿಡಿ. ‘ನೀರು ಉಳಿಸೋಣ’ ಎಂಬುದು ಕೆಲಸವಲ್ಲ. ‘ಬರುವ ಭಾನುವಾರ ಬೆಳಗ್ಗೆ ಹತ್ತಕ್ಕೆ ಈ ಕಟ್ಟಡದ ಸೋರುವ ನಲ್ಲಿಗಳನ್ನೆಲ್ಲ ಅಳೆಯುತ್ತೇವೆ, ಈ ಮೂವರು’ ಎಂಬುದು ಕೆಲಸ. ಅಳತೆ ಸರಳ: ನಲ್ಲಿಯ ಕೆಳಗೆ ಅಳತೆ ಲೋಟ ಹಿಡಿದು 10 ನಿಮಿಷದಲ್ಲಿ ಬಿದ್ದ ನೀರನ್ನು 144ರಿಂದ ಗುಣಿಸಿದರೆ ಒಂದು ದಿನದ ಸೋರಿಕೆ.

ಪ್ರಶ್ನೆ: ಒಬ್ಬರೇ ಕಾಲು ಗಂಟೆ ಭಾಷಣ ಮಾಡುತ್ತಾರೆ. ಮೈಕ್ ಕಿತ್ತುಕೊಳ್ಳಲು ಸಂಕೋಚ.

ಮೈಕ್ ಓಡಾಡಿಸುವವರ ಕೈಯಲ್ಲೇ ಇದ್ದರೆ ಕಿತ್ತುಕೊಳ್ಳುವ ಪ್ರಮೇಯವೇ ಬರುವುದಿಲ್ಲ, ಹಿಂದೆ ತಂದರಾಯಿತು. ಒಬ್ಬರಿಗೆ ಎರಡು ನಿಮಿಷ, ಎಲ್ಲರದೂ ಒಂದು ಸುತ್ತು ಆದ ಮೇಲೆ ಎರಡನೇ ಅವಕಾಶ ಎಂದು ಶುರುವಿಗೇ ಹೇಳಿ. ಕರೆಸಿದ ತಜ್ಞರಿಗೂ ಅದೇ ನಿಯಮ, ಬೇಕಾದರೆ ಐದು ನಿಮಿಷ. ಅದೂ ಸಭಿಕರು ಮಾತಾಡಿದ ಮೇಲೆ. ತಜ್ಞರು ಮೊದಲೇ ಮಾತಾಡಿದರೆ ಮಿಕ್ಕವರೆಲ್ಲ ವಿದ್ಯಾರ್ಥಿಗಳಾಗಿಬಿಡುತ್ತಾರೆ. ಪ್ರಶ್ನೆ ಕೇಳಿ ಯಾರೂ ಬಾಯಿ ಬಿಡದಿದ್ದರೆ ಮನಸ್ಸಿನಲ್ಲೇ ಹತ್ತರವರೆಗೆ ಎಣಿಸಿ. ನಡೆಸುವವರಿಗೆ ಆ ಮೌನ ಯುಗದಂತೆ ಕಂಡರೂ ಕೂತವರಿಗೆ ಅದು ಯೋಚಿಸುವ ಹೊತ್ತು.

ಪ್ರಶ್ನೆ: ಕರೆಂಟ್ ನಂಬುವಂತಿಲ್ಲ. ಜನರೇಟರ್ ಇಡೋಣವೆ? ಪರಿಸರದ ಕಾರ್ಯಕ್ರಮಕ್ಕೆ ಅದು ಅಭಾಸವೆ?

ಅಭಾಸಕ್ಕಿಂತ ಅದರ ಗದ್ದಲವೇ ದೊಡ್ಡ ತೊಂದರೆ. ಪ್ರೊಜೆಕ್ಟರ್ 300 ವಾಟ್, ಲ್ಯಾಪ್‌ಟಾಪ್ 60, ಆಂಪ್ಲಿಫೈಯರ್ 120, ಒಟ್ಟು 480. 12 ವೋಲ್ಟಿನ 150 ಆಂಪಿಯರ್-ಅವರ್ ಬ್ಯಾಟರಿಯನ್ನು ಅರ್ಧದಷ್ಟೇ ಬಳಸಿ, ಇನ್ವರ್ಟರಿನ ನಷ್ಟ ಕಳೆದರೆ ಸುಮಾರು 765 ವಾಟ್-ಅವರ್ ಸಿಗುತ್ತದೆ, ಅಂದರೆ ಒಂದೂವರೆ ಗಂಟೆ. 40 ನಿಮಿಷದ ಚಿತ್ರಕ್ಕೆ ಧಾರಾಳ. ಲ್ಯಾಂಪ್ ಇರುವ ಪ್ರೊಜೆಕ್ಟರ್ ಕ್ಷಣಕಾಲ ಕರೆಂಟ್ ಹೋದರೂ ಆರುತ್ತದೆ, ತಣಿಯುವವರೆಗೆ ಮತ್ತೆ ಹೊತ್ತುವುದಿಲ್ಲ; ಆದ್ದರಿಂದ ಮೊದಲಿನಿಂದಲೇ ಇನ್ವರ್ಟರಿಗೆ ಸಿಕ್ಕಿಸಿಡಿ. ಇನ್ನು ಹೊಗೆಯ ಲೆಕ್ಕ: ಇಡೀ ಪ್ರದರ್ಶನಕ್ಕೆ ಬೇಕಾದ ವಿದ್ಯುತ್ ಒಂದು ಯೂನಿಟ್ಟಿನೊಳಗೆ. ಒಂದು ಲೀಟರ್ ಪೆಟ್ರೋಲ್ ಉರಿದರೆ 2.3 ಕಿಲೋ ಇಂಗಾಲದ ಡೈಆಕ್ಸೈಡ್. ಜನ ನಡೆದು ಬರುವಂಥ ಜಾಗ ಆರಿಸುವುದರಲ್ಲೇ ಹೆಚ್ಚಿನ ಉಳಿತಾಯವಿದೆ.

ಪ್ರಶ್ನೆ: ಪ್ರದರ್ಶನದಿಂದ ಏನಾದರೂ ಪ್ರಯೋಜನವಾಯಿತೇ ಎಂದು ತಿಳಿಯುವುದು ಹೇಗೆ?

ಬಂದವರ ತಲೆ ಎಣಿಸಿ ತೃಪ್ತಿಪಡಬೇಡಿ. ಚರ್ಚೆಗೆ ಉಳಿದವರೆಷ್ಟು, ಅವರಲ್ಲಿ ಬಾಯಿ ಬಿಟ್ಟವರೆಷ್ಟು, ಕೆಲಸಕ್ಕೆ ಹೆಸರು ಕೊಟ್ಟವರೆಷ್ಟು, ಎರಡು ವಾರದ ನಂತರ ಅದನ್ನು ಮಾಡಿದವರೆಷ್ಟು ಎಂಬ ನಾಲ್ಕು ಅಂಕಿಗಳನ್ನು ಒಂದೇ ಪುಸ್ತಕದಲ್ಲಿ ಬರೆದಿಡಿ. ಎಲ್ಲಿ ಸಂಖ್ಯೆ ಥಟ್ಟನೆ ಕುಸಿಯುತ್ತದೋ ಅಲ್ಲಿ ದುರಸ್ತಿ ಬೇಕು. ಒಂದರಿಂದ ಎರಡಕ್ಕೆ ಕುಸಿದರೆ ನಡೆಸುವ ರೀತಿ ಬದಲಿಸಿ; ಮೂರರಿಂದ ನಾಲ್ಕಕ್ಕೆ ಕುಸಿದರೆ ಕೊಟ್ಟ ಕೆಲಸ ದೊಡ್ಡದಾಯಿತು, ಮುಂದಿನ ಸಲ ಅರ್ಧಕ್ಕಿಳಿಸಿ. ಮುಂದಿನ ಪ್ರದರ್ಶನದ ಮೊದಲ ಹತ್ತು ನಿಮಿಷ ಹಿಂದಿನ ಕೆಲಸದ ವರದಿಗಿರಲಿ. ನಲ್ಲಿ ಅಳೆದವರು ಬಂದು ಎಷ್ಟು ಸೋರುತ್ತಿತ್ತು, ವಾಷರ್ ಬದಲಿಸಿದ ಮೇಲೆ ಎಷ್ಟಾಯಿತು ಎಂದು ಹೇಳಲಿ. ಯಾರೂ ಅಳೆದಿರದಿದ್ದರೆ ಅದನ್ನೂ ಹಾಗೆಯೇ ಹೇಳಿ, ಯಾಕಾಗಲಿಲ್ಲ ಎಂದು ಕೇಳಿ.